ನೀರೊಳಗಿನ ಬೊಡ್ಡೆಗೆ ಬಡಿದ ಔಟ್‌ಬೋರ್ಡ್ ಮೋಟಾರು: ದೋಷ ಹುಡುಕುವ ಕ್ರಮ

ನಾರಾಯಣಪುರದ ಬಸವಸಾಗರ ಜಲಾಶಯದ ಹಿನ್ನೀರಿನಲ್ಲಿ ಒಂದು ಸಂಜೆ, ದಂಡೆ ಇನ್ನೇನು ಕೂಗಳತೆಯಲ್ಲಿದೆ ಎನ್ನುವಾಗ, ನಾವು ಕುಳಿತಿದ್ದ ಫೈಬರ್ ದೋಣಿಯ ಹಿಂದೆ ‘ಧಡ್’ ಎಂದು ಸದ್ದಾಯಿತು. ದೋಣಿಯ ಹಿಂಬದಿಗೆ ಸಿಕ್ಕಿಸಿದ್ದ ಔಟ್‌ಬೋರ್ಡ್ ಮೋಟಾರಿನ ಕಾಲು, ಅಂದರೆ ನೀರಿಗಿಳಿದಿರುವ ಕೆಳಭಾಗ, ನೀರಿನಿಂದ ಅರ್ಧ ಮೇಲೆದ್ದು ಮತ್ತೆ ಬಿತ್ತು. ಎಂಜಿನ್ ಮಾತ್ರ ನಿಲ್ಲಲಿಲ್ಲ. ಹ್ಯಾಂಡಲ್ ಹಿಡಿದಿದ್ದ ಹುಡುಗ, “ಏನೂ ಆಗಿಲ್ರಿ ಕಾಕಾ, ಚಾಲೂನೇ ಅದ” ಎಂದ. ದಂಡೆಗೆ ಬಂದು ನೋಡಿದಾಗ ಪ್ರೊಪೆಲ್ಲರಿನ ಒಂದು ರೆಕ್ಕೆಯ ತುದಿ ಕಿರುಬೆರಳಿನ ಉಗುರಿನಷ್ಟು ಮಡಚಿದ್ದನ್ನು ಬಿಟ್ಟರೆ ಬೇರೇನೂ ಕಾಣಲಿಲ್ಲವಾದ್ದರಿಂದ, ಅದನ್ನು ಸುತ್ತಿಗೆಯಿಂದ ನೆಟ್ಟಗೆ ಮಾಡಿ ಮತ್ತೆ ಎಂಟು ದಿನ ಓಡಿಸಿದೆವು. ಒಂಬತ್ತನೆಯ ದಿನ ಕಾಲಿನ ತುದಿಯಲ್ಲಿರುವ ಗೇರ್‌ಬಾಕ್ಸಿನ ಕೆಳಗಿನ ಸ್ಕ್ರೂ ಬಿಚ್ಚಿದಾಗ ಹಾಲು ಹೆಚ್ಚಾದ ಚಹಾದ ಬಣ್ಣದ ದ್ರವ ಸುರಿಯಿತು. ಒಳಗಿನ ಬೇರಿಂಗ್‌ಗಳಿಗೆ ಆಗಲೇ ತುಕ್ಕು ಹತ್ತಿತ್ತು. ಪ್ರೊಪೆಲ್ಲರ್ ಶಾಫ್ಟು ಕೂದಲೆಳೆಯಷ್ಟು ಬಾಗಿದ್ದೇ ಅದಕ್ಕೆ ಮೂಲವಾಗಿತ್ತು. ಆ ಸಂಜೆಯೇ ಅರ್ಧ ಗಂಟೆ ಕೊಟ್ಟು ನೋಡಿದ್ದರೆ ಒಂದು ಶಾಫ್ಟು ಮತ್ತು ಒಂದು ಜೊತೆ ಆಯಿಲ್ ಸೀಲಿನಲ್ಲಿ (ನೀರು ಒಳಬಾರದಂತೆ ಶಾಫ್ಟಿನ ಸುತ್ತ ಕೂರುವ ರಬ್ಬರ್ ಉಂಗುರ) ಮುಗಿಯಬಹುದಾಗಿದ್ದ ಕೆಲಸ ಇಡೀ ಗೇರ್‌ಬಾಕ್ಸನ್ನು ಬದಲಿಸುವವರೆಗೆ ಹೋಯಿತು.

ಪೆಟ್ಟು ತಿಂದ ಮೇಲೂ ಓಡುತ್ತಿರುವ ಮೋಟಾರಿನ ಬಗ್ಗೆಯೇ ಹೆಚ್ಚು ಅನುಮಾನ ಪಡಬೇಕೆಂಬುದು ನನಗೆ ತಿಳಿದದ್ದು ಹಾಗೆ. ನಿಂತುಹೋದ ಮೋಟಾರನ್ನು ಯಾರಾದರೂ ಬಿಚ್ಚಿ ನೋಡಿಯೇ ನೋಡುತ್ತಾರೆ. ಓಡುತ್ತಿರುವುದನ್ನು ಯಾರೂ ಮುಟ್ಟುವುದಿಲ್ಲ. ಇಲ್ಲಿ ಬರೆದಿರುವ ಕ್ರಮವು ಮುಖ್ಯವಾಗಿ ಅಂಥ ಮೋಟಾರಿಗಾಗಿ, ಅಂದರೆ ಸದ್ದು ಕೇಳಿಸಿದೆ, ಎಂಜಿನ್ ನಡೆಯುತ್ತಿದೆ, ಏನಾಗಿದೆಯೆಂದು ಗೊತ್ತಿಲ್ಲ ಎಂಬ ಸ್ಥಿತಿಗಾಗಿ ಇದೆ.

ನಮ್ಮ ಭಾಗದ ನೀರಿನಲ್ಲಿ ಇಂಥ ಪೆಟ್ಟು ಅಪರೂಪವಲ್ಲ. ಭೀಮಾ ಮತ್ತು ಕೃಷ್ಣಾ ನದಿಗಳು ಮಳೆಗಾಲದಲ್ಲಿ ಎರೆಮಣ್ಣನ್ನು ಹೊತ್ತು ತರುವುದರಿಂದ ನೀರು ಎಷ್ಟು ಕದಡಿರುತ್ತದೆಂದರೆ ಮುಳುಗಿಸಿದ ಅಂಗೈ ಕಾಣುವುದಿಲ್ಲ. ಬ್ಯಾರೇಜಿನ ಗೇಟು ಇಳಿಸಿದಾಗ ದಂಡೆಯ ಬಳ್ಳಾರಿ ಜಾಲಿಯ ಬೊಡ್ಡೆಗಳು, ರೈತರ ಪಂಪ್‌ಸೆಟ್ಟುಗಳ ಕಾಂಕ್ರೀಟ್ ಕಟ್ಟೆಗಳು, ಸಕ್ಷನ್ ಪೈಪುಗಳು, ಹಳೆಯ ಬಾಂದಾರದ ಕಲ್ಲುಗಳು ಒಂದೆರಡು ಅಡಿ ನೀರಿನ ಕೆಳಗೆ ಉಳಿದುಬಿಡುತ್ತವೆ. ಕಾಗಿಣಾ ಮತ್ತು ಭೀಮೆಯ ಪಾತ್ರದಲ್ಲಿ ಕೆಲವೆಡೆ ಶಹಾಬಾದ್ ಕಲ್ಲಿನ ಹಾಸುಗಳು ಮೆಟ್ಟಿಲಿನಂತೆ ಎದ್ದಿರುತ್ತವೆ; ಅವುಗಳ ಅಂಚು ಹರಿತ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಕಲಬುರಗಿ, ಯಾದಗಿರಿ ಜಿಲ್ಲೆಗಳ ದಂಡೆಯ ಊರುಗಳಿಗೆ ರಕ್ಷಣಾ ದೋಣಿಗಳು ಹೋದಂಥ ಸಂದರ್ಭದಲ್ಲಂತೂ ದೋಣಿ ಸಾಗುವುದು ನದಿಯ ಮೇಲಲ್ಲ, ಹೊಲದ ಬದು, ತಂತಿಬೇಲಿ ಮತ್ತು ಕಾಂಪೌಂಡ್ ಗೋಡೆಗಳ ಮೇಲೆ. ಭಾಲ್ಕಿ ಕಡೆಯ ಕಾರಂಜಾ ಜಲಾಶಯವಾಗಲಿ ನಾರಾಯಣಪುರದ ಬಸವಸಾಗರವಾಗಲಿ, ನೀರಿನ ಮಟ್ಟ ಇಳಿದಂತೆಲ್ಲ ಹೊಸ ಬೊಡ್ಡೆಗಳು ಅಪಾಯದ ಆಳಕ್ಕೆ ಬರುತ್ತವೆ. ಬಸವಸಾಗರದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 492.25 ಮೀಟರ್; ಪೆಟ್ಟು ಬಿದ್ದ ದಿನ ಜಲಾಶಯದ ಮಟ್ಟ ಎಷ್ಟಿತ್ತು ಎಂಬುದನ್ನೂ ಜಾಗದ ಗುರುತನ್ನೂ ಸೇರಿಸಿ ಬರೆದಿಟ್ಟುಕೊಂಡರೆ, ಅದೇ ಬೊಡ್ಡೆ ಮುಂದೆ ಯಾವ ಮಟ್ಟದಲ್ಲಿ ಕಾಡುತ್ತದೆಂದು ಲೆಕ್ಕ ಸಿಗುತ್ತದೆ.

ನೀರಿನ ಮೇಲೆ ಇರುವಾಗಲೇ ಮಾಡಬೇಕಾದ್ದು

ಸದ್ದಾದ ತಕ್ಷಣ ಆಕ್ಸಿಲರೇಟರನ್ನು ಪೂರ್ತಿ ಇಳಿಸಿ, ಗೇರನ್ನು ನ್ಯೂಟ್ರಲ್‌ಗೆ ತಂದು, ಕಿಲ್ ಸ್ವಿಚ್ಚಿನ ದಾರ ಎಳೆದು ಎಂಜಿನ್ ನಿಲ್ಲಿಸಬೇಕು. ಮೋಟಾರಿಗಿಂತ ಮೊದಲು ಜನರನ್ನು ನೋಡಬೇಕು; ದೋಣಿ ಗಕ್ಕನೆ ನಿಂತಾಗ ಮುಂದಕ್ಕೆ ಬಿದ್ದವರಿಗೆ ತಲೆಗೋ ಎದೆಗೋ ಪೆಟ್ಟಾಗಿರಬಹುದು. ಆಮೇಲೆ ದೋಣಿಯ ತಳದ ಹಲಗೆ ಎತ್ತಿ ನೀರು ಒಳಗೆ ಬರುತ್ತಿದೆಯೇ ಎಂದು ನೋಡಬೇಕು. ಮೂರನೆಯದಾಗಿ, ಮೋಟಾರು ಕೂತಿರುವ ಹಿಂಬದಿಯ ಹಲಗೆಯನ್ನು ಕೈಯಿಂದ ಮುಟ್ಟಿ ನೋಡಬೇಕು: ಕ್ಲ್ಯಾಂಪಿನ ಸ್ಕ್ರೂಗಳು ಸಡಿಲವಾಗಿವೆಯೇ, ಬೋಲ್ಟಿನ ಸುತ್ತ ಫೈಬರ್ ಬಿರಿದಿದೆಯೇ, ರಬ್ಬರ್ ದೋಣಿಯಾದರೆ ಹಲಗೆ ಮತ್ತು ಟ್ಯೂಬು ಅಂಟಿಕೊಂಡ ಜಾಗ ಬಿಟ್ಟುಕೊಂಡಿದೆಯೇ ಎಂಬುದನ್ನು ಗಮನಿಸಬೇಕು. ಮೋಟಾರನ್ನು ದೋಣಿಗೆ ಕಟ್ಟುವ ಸರಪಳಿ ಅಥವಾ ಹಗ್ಗ ಇಲ್ಲದಿದ್ದರೆ ಅಲ್ಲಿಯೇ ಒಂದು ಹಗ್ಗ ಕಟ್ಟಿಕೊಳ್ಳುವುದು ಒಳ್ಳೆಯದು. ಒಂದು ಪೆಟ್ಟಿನಿಂದ ಸಡಿಲಾದ ಮೋಟಾರು ಎರಡನೆಯ ಪೆಟ್ಟಿನಲ್ಲಿ ನೀರಿನ ಪಾಲಾಗುತ್ತದೆ.

ಇಷ್ಟಾದ ಮೇಲೆ ಕಾಲನ್ನು ಮೇಲೆತ್ತಿ ಪ್ರೊಪೆಲ್ಲರ್ ನೋಡಬೇಕು. ರೆಕ್ಕೆ ಮುರಿದಿಲ್ಲ, ಗೇರ್‌ಬಾಕ್ಸಿನ ಹೊರಮೈಯಲ್ಲಿ ಬಿರುಕಿಲ್ಲ, ಎಣ್ಣೆ ನೀರಿನ ಮೇಲೆ ಬಣ್ಣಬಣ್ಣವಾಗಿ ಹರಡುತ್ತಿಲ್ಲ ಎಂದಾದರೆ ಮಾತ್ರ ಎಂಜಿನ್ ಮತ್ತೆ ಚಾಲೂ ಮಾಡಬಹುದು. ಚಾಲೂ ಆದ ಮೊದಲ ಅರ್ಧ ನಿಮಿಷ ಗೇರು ಹಾಕದೆ ತಣ್ಣೀರಿನ ಧಾರೆಯನ್ನೇ ನೋಡಬೇಕು. ಎಂಜಿನ್ ತಂಪಾಗಿಸಿದ ನೀರು ಹೊರಬರುವ ಆ ಸಣ್ಣ ತೂತಿನಲ್ಲಿ ಧಾರೆ ಬರದಿದ್ದರೆ ಎಂಜಿನ್ ನಿಲ್ಲಿಸಿ ಹುಟ್ಟು ಹಾಕಿಕೊಂಡೇ ದಂಡೆ ಸೇರಬೇಕು. ಧಾರೆ ಸರಿಯಿದ್ದರೆ ನಡಿಗೆಯ ವೇಗದಲ್ಲಿ ದಂಡೆಯವರೆಗೆ ಬರಬಹುದು. ಅದಕ್ಕಿಂತ ವೇಗ ಬೇಡ. ದೋಣಿಯ ವೇಗ ಎರಡು ಪಟ್ಟಾದರೆ ಪೆಟ್ಟಿನ ಶಕ್ತಿ ನಾಲ್ಕು ಪಟ್ಟಾಗುತ್ತದೆ, ಮತ್ತು ಒಂದು ಬೊಡ್ಡೆ ಇದ್ದ ಕಡೆ ಇನ್ನೊಂದು ಇರುವುದು ನಮ್ಮ ಹಿನ್ನೀರಿನಲ್ಲಿ ಸಾಮಾನ್ಯ.

ಪೆಟ್ಟು ಹಿಡಿಯುವ ಎರಡು ದಾರಿ

ದಂಡೆಗೆ ಬಂದ ಮೇಲೆ ಕಂಡಕಂಡ ಕಡೆ ಸ್ಪ್ಯಾನರ್ ಹಾಕುವ ಮೊದಲು ಪೆಟ್ಟು ಯಾವ ದಾರಿಯಲ್ಲಿ ಹೋಗಿರಬಹುದೆಂದು ಯೋಚಿಸಬೇಕು. ತಿರುಗುತ್ತಿದ್ದ ರೆಕ್ಕೆ ಬೊಡ್ಡೆಗೆ ಬಡಿದಿದ್ದರೆ ಪೆಟ್ಟು ತಿರುಗುವ ಭಾಗಗಳ ದಾರಿ ಹಿಡಿಯುತ್ತದೆ: ರೆಕ್ಕೆ, ಅದರ ನಡುವಿನ ರಬ್ಬರ್ ಬುಷ್, ಪ್ರೊಪೆಲ್ಲರ್ ಶಾಫ್ಟು, ಗೇರುಗಳು, ಕಾಲಿನೊಳಗೆ ನೆಟ್ಟಗೆ ಮೇಲಕ್ಕೆ ಹೋಗುವ ಡ್ರೈವ್ ಶಾಫ್ಟು, ಎಂಜಿನ್ನಿನ ಕ್ರ್ಯಾಂಕ್, ಕೊನೆಗೆ ಅದರ ತುದಿಯ ಭಾರದ ಚಕ್ರವಾದ ಫ್ಲೈವೀಲ್. ಕಾಲಿನ ಮುಂಭಾಗವೋ ಅಡಿಯಲ್ಲಿ ಮೀನಿನ ರೆಕ್ಕೆಯಂತೆ ಇಳಿಬಿದ್ದಿರುವ ಸ್ಕೆಗ್ಗೋ ಬಡಿದಿದ್ದರೆ ಪೆಟ್ಟು ತಿರುಗದೆ ನಿಂತ ಭಾಗಗಳ ದಾರಿ ಹಿಡಿಯುತ್ತದೆ: ಗೇರ್‌ಬಾಕ್ಸಿನ ಹೊರಕವಚ, ಕಾಲು, ರಬ್ಬರ್ ಮೌಂಟುಗಳು, ಬ್ರಾಕೆಟ್, ದೋಣಿಯ ಹಲಗೆ. ಮೊದಲನೆಯ ದಾರಿಯ ದೋಷಗಳು ಕಣ್ಣಿಗೆ ಕಾಣದೆ ಓಟದಲ್ಲಿ ತಿಳಿಯುತ್ತವೆ. ಎರಡನೆಯ ದಾರಿಯವು ಓಟದಲ್ಲಿ ತಿಳಿಯದೆ ಕಣ್ಣಿಗೆ ಕಾಣುತ್ತವೆ. ಗುರುತುಗಳನ್ನು ಓದಿದರೆ ಯಾವ ದಾರಿಯೆಂದು ಬಹುಮಟ್ಟಿಗೆ ಗೊತ್ತಾಗುತ್ತದೆ. ಸ್ಕೆಗ್ಗಿನ ಮುಂದಿನ ಅಂಚಿನಲ್ಲಿ ಬಣ್ಣ ಕಿತ್ತು ಬಿಳಿ ಲೋಹ ಹೊಳೆಯುತ್ತಿದ್ದು ರೆಕ್ಕೆಗಳು ಸ್ವಚ್ಛವಾಗಿದ್ದರೆ ಎರಡನೆಯದು. ಮೂರೂ ರೆಕ್ಕೆಗಳ ತುದಿಯಲ್ಲಿ ಒಂದೇ ಬಗೆಯ ಕಚ್ಚುಗಳಿದ್ದರೆ ಮೊದಲನೆಯದು. ಎರಡೂ ಕಡೆ ಗುರುತಿದ್ದರೆ ಎರಡನ್ನೂ ಪೂರ್ತಿ ನೋಡಬೇಕು.

ಯಾವುದನ್ನೂ ಮುಟ್ಟುವ ಮೊದಲು ಕಿಲ್ ಸ್ವಿಚ್ಚಿನ ದಾರ ತೆಗೆದು, ಸ್ಪಾರ್ಕ್ ಪ್ಲಗ್ಗಿನ ತೊಪ್ಪಿಗೆಗಳನ್ನು ಕಿತ್ತಿಡಬೇಕು. ಗೇರಿನಲ್ಲಿರುವ ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿದಾಗ ಬಿಸಿ ಎಂಜಿನ್ ಹತ್ತಿಕೊಂಡರೆ ಬೆರಳು ಉಳಿಯುವುದಿಲ್ಲ. ಇದರಲ್ಲಿ ಯಾವ ಅವಸರಕ್ಕೂ ವಿನಾಯಿತಿ ಕೊಡಬಾರದು.

ಪ್ರೊಪೆಲ್ಲರ್ ಮತ್ತು ಅದರ ಬುಷ್

ಸಣ್ಣ ಮೋಟಾರುಗಳಲ್ಲಿ ಪ್ರೊಪೆಲ್ಲರನ್ನು ಶಾಫ್ಟಿಗೆ ಕೂಡಿಸುವುದು ಒಂದು ಅಡ್ಡ ಪಿನ್. ಪೆಟ್ಟು ಬಿದ್ದಾಗ ಅದು ತುಂಡಾಗಿ ಗೇರನ್ನು ಉಳಿಸಲೆಂದೇ ಅದನ್ನು ಮೆದು ಲೋಹದಲ್ಲಿ ಮಾಡಿರುತ್ತಾರೆ. ಎಂಜಿನ್ ಏರುದನಿಯಲ್ಲಿ ಕೂಗುತ್ತಿದ್ದು ದೋಣಿ ನಿಂತಲ್ಲೇ ನಿಂತಿದ್ದರೆ ಮೊದಲು ಈ ಪಿನ್ ನೋಡಬೇಕು. ಹೊಸ ಪಿನ್ ಹಾಕುವುದು ಹತ್ತು ನಿಮಿಷದ ಕೆಲಸ. ಆದರೆ ಪಿನ್ ಸಿಗಲಿಲ್ಲವೆಂದು ಮೊಳೆಯನ್ನೋ ಸೈಕಲ್ ಕಡ್ಡಿಯನ್ನೋ ಡ್ರಿಲ್ ಬಿಟ್ಟಿನ ತುಂಡನ್ನೋ ತುರುಕಿದ್ದನ್ನು ನಾನು ಹಲವು ಬಾರಿ ನೋಡಿದ್ದೇನೆ, ನೋಡಿದಾಗಲೆಲ್ಲ ಸಂಕಟವಾಗುತ್ತದೆ. ಗಟ್ಟಿ ಪಿನ್ ತುಂಡಾಗುವುದಿಲ್ಲ. ಮುಂದಿನ ಪೆಟ್ಟನ್ನು ಅದು ನೇರವಾಗಿ ಗೇರಿನ ಹಲ್ಲಿಗೆ ಒಪ್ಪಿಸುತ್ತದೆ. ಎರಡು ಪಿನ್ ಮತ್ತು ಎರಡು ಸ್ಪ್ಲಿಟ್ ಪಿನ್‌ಗಳನ್ನು ಗ್ರೀಸ್ ಹಚ್ಚಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎಂಜಿನ್ ಕವರಿನೊಳಗೆ ಕಟ್ಟಿಡಬೇಕು.

ಅದಕ್ಕಿಂತ ದೊಡ್ಡ ಮೋಟಾರುಗಳಲ್ಲಿ ಪಿನ್ನಿನ ಬದಲು ಪ್ರೊಪೆಲ್ಲರಿನ ನಡುವೆ ಒತ್ತಿ ಕೂಡಿಸಿದ ರಬ್ಬರ್ ಬುಷ್ ಇರುತ್ತದೆ. ಪೆಟ್ಟಿಗೆ ಅದು ಜಾರಿ ಆಘಾತವನ್ನು ನುಂಗಿಕೊಳ್ಳುತ್ತದೆ. ಒಮ್ಮೆ ಜಾರಿದ ಬುಷ್ ಕಡಿಮೆ ವೇಗದಲ್ಲಿ ಸರಿಯಾಗಿ ಹಿಡಿದು, ಹೊರೆ ಬಿದ್ದೊಡನೆ ಮತ್ತೆ ಜಾರುವುದರಿಂದ, ದಂಡೆಯಲ್ಲಿ ಕೈಯಿಂದ ತಿರುಗಿಸಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಇದಕ್ಕೊಂದು ಸರಳ ಪರೀಕ್ಷೆಯಿದೆ. ಪ್ರೊಪೆಲ್ಲರಿನ ಹಿಂಬದಿಯಲ್ಲಿ ಒಳಗಿನ ಲೋಹದ ಕೊಳವೆಯಿಂದ ರೆಕ್ಕೆಗಳು ಕೂಡುವ ಹೊರಗಿನ ನಡುಭಾಗದವರೆಗೆ, ರಬ್ಬರಿನ ಮೇಲೆ ಹಾದುಹೋಗುವಂತೆ, ನೀರಿಗೆ ಅಳಿಯದ ಬಣ್ಣದಿಂದ ಒಂದು ನೇರ ಗೆರೆ ಎಳೆಯಬೇಕು. ಆಮೇಲೆ ಆಳವಾದ, ಅಡೆತಡೆಯಿಲ್ಲದ ನೀರಿನಲ್ಲಿ ಒಂದೆರಡು ನಿಮಿಷ ಹೊರೆ ಹಾಕಿ ಓಡಿಸಿ ಬಂದು ನೋಡಬೇಕು. ಗೆರೆ ಮುರಿದು ಎರಡು ತುಂಡು ಬೇರೆ ಬೇರೆ ಕಡೆ ನಿಂತಿದ್ದರೆ ಬುಷ್ ಹೋಗಿದೆ. ಓಡಿಸಿ ನೋಡುವ ಪರೀಕ್ಷೆಯಾದ್ದರಿಂದ ಮುಂದೆ ಹೇಳುವ ಶಾಫ್ಟು ಮತ್ತು ಎಣ್ಣೆಯ ತಪಾಸಣೆಗಳು ಮುಗಿದ ಮೇಲೆಯೇ ಇದನ್ನು ಮಾಡಬೇಕು.

ರೆಕ್ಕೆಯ ವಿಷಯದಲ್ಲಿ ನನ್ನ ತೀರ್ಮಾನ ಹೀಗಿದೆ. ಅಲ್ಯೂಮಿನಿಯಮ್ ರೆಕ್ಕೆಯ ಅಂಚಿನಲ್ಲಿ ಜೋಳದ ಕಾಳಿನಷ್ಟು ಕಚ್ಚು ಬಿದ್ದಿದ್ದರೆ ಅರದಿಂದ ಉಜ್ಜಿ ನುಣ್ಣಗೆ ಮಾಡಿ ಬಳಸಬಹುದು. ತುದಿ ಮಡಚಿದ್ದರೆ ನಾವು ಅಂದು ಮಾಡಿದಂತೆ ಸುತ್ತಿಗೆಯಿಂದ ಬಡಿಯಬಾರದು; ಮಡಿಕೆಯ ಬುಡದಲ್ಲಿ ಕಾಣದ ಬಿರುಕು ಉಳಿಯುತ್ತದೆ ಮತ್ತು ಮೂರು ರೆಕ್ಕೆಗಳ ತೂಕ ಹಾಗೂ ಓರೆ ಸಮವಾಗಿರುವುದಿಲ್ಲ. ಸ್ಟೀಲಿನ ಪ್ರೊಪೆಲ್ಲರು ತಾನು ಬಾಗುವುದು ಕಡಿಮೆ, ಆದ್ದರಿಂದಲೇ ಪೆಟ್ಟನ್ನು ಒಳಗೆ ಹೆಚ್ಚು ಕಳಿಸುತ್ತದೆ. ಬೊಡ್ಡೆಗಳಿರುವ ನಮ್ಮ ನೀರಿಗೆ ಅಲ್ಯೂಮಿನಿಯಮ್ಮೇ ಸರಿ ಎಂದು ನಾನು ನಂಬಿದ್ದೇನೆ. ಹಳೆಯದನ್ನು ಬಿಚ್ಚುವಾಗ ವಾಷರುಗಳು ಯಾವ ಕ್ರಮದಲ್ಲಿ, ಯಾವ ಮುಖ ಯಾವ ಕಡೆಗೆ ಇದ್ದವೆಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡೇ ಬಿಚ್ಚಬೇಕು. ಪ್ರೊಪೆಲ್ಲರಿನ ಮುಂದೆ ಕೂರುವ ದಪ್ಪ ವಾಷರನ್ನು ಮರೆತು ಜೋಡಿಸಿದರೆ ಪ್ರೊಪೆಲ್ಲರು ಮುಂದಕ್ಕೆ ಸರಿದು ಗೇರ್‌ಬಾಕ್ಸಿನ ಮೈಯನ್ನೇ ಕೊರೆಯುತ್ತದೆ.

ಪ್ರೊಪೆಲ್ಲರು ಕೈಗೆ ಬಂದಾಗ ಅದರ ಹಿಂದೆ ಶಾಫ್ಟಿನ ಬುಡದಲ್ಲಿ ಬೆರಳಾಡಿಸಿ ನೋಡಬೇಕು. ಮೀನುಬಲೆಯ ನೈಲಾನ್ ದಾರ ಅಲ್ಲಿ ಸುತ್ತಿಕೊಂಡು, ಬಿಸಿಗೆ ಕರಗಿ, ಗಟ್ಟಿ ಉಂಗುರವಾಗಿರುವುದು ಇಲ್ಲಿ ತೀರ ಸಾಮಾನ್ಯ. ಅದು ಆಯಿಲ್ ಸೀಲನ್ನು ಚಾಕುವಿನಂತೆ ಕತ್ತರಿಸುತ್ತದೆ. ಬೊಡ್ಡೆಯ ಪೆಟ್ಟಿನಿಂದ ನೀರು ಸೇರಿದೆ ಎಂದು ತಿಳಿದ ಎಷ್ಟೋ ಗೇರ್‌ಬಾಕ್ಸುಗಳಲ್ಲಿ ನಿಜವಾದ ಕಾರಣ ಈ ದಾರವಾಗಿರುತ್ತದೆ.

ಶಾಫ್ಟು ಬಾಗಿದೆಯೇ?

ಮೋಟಾರನ್ನು ಅಲುಗಾಡದ ಸ್ಟ್ಯಾಂಡಿಗೆ ಬಿಗಿದು, ನ್ಯೂಟ್ರಲ್‌ನಲ್ಲಿಟ್ಟು, ಒಂದು ತುಂಡು ಗಟ್ಟಿ ತಂತಿಯನ್ನು ಪ್ರೊಪೆಲ್ಲರಿನ ಮೇಲೆ ಚಾಚಿಕೊಂಡಿರುವ ಗೇರ್‌ಬಾಕ್ಸಿನ ಚಪ್ಪಟೆ ಹಲಗೆಗೆ ಟೇಪಿನಿಂದ ಅಂಟಿಸಿ, ಅದರ ಮೊನೆ ಶಾಫ್ಟಿನ ನುಣುಪಾದ ಭಾಗಕ್ಕೆ ತಾಗಿಯೂ ತಾಗದಂತೆ ಬಾಗಿಸಬೇಕು. ಈಗ ಶಾಫ್ಟನ್ನು ಕೈಯಿಂದ ನಿಧಾನವಾಗಿ ಒಂದು ಸುತ್ತು ತಿರುಗಿಸಿ, ಹಿಂದಿನಿಂದ ಬಿಳಿ ಕಾಗದ ಹಿಡಿದು, ಮೊನೆ ಮತ್ತು ಶಾಫ್ಟಿನ ನಡುವಿನ ಬೆಳಕಿನ ಗೆರೆಯನ್ನೇ ನೋಡಬೇಕು. ಗೆರೆ ಒಂದೇ ಸಮ ಇದ್ದರೆ ಶಾಫ್ಟು ನೆಟ್ಟಗಿದೆ. ಒಂದು ಕಡೆ ಮುಚ್ಚಿ ಎದುರು ಕಡೆ ತೆರೆದುಕೊಂಡರೆ ಬಾಗಿದೆ. ಬಾಗನ್ನು ಮುಳ್ಳಿನಿಂದ ಅಳೆದು ತೋರಿಸುವ ಡಯಲ್ ಗೇಜ್ ಇದ್ದವರು ಅದನ್ನೇ ಹಿಡಿದು, ಬಂದ ಅಂಕಿಯನ್ನು ಆಯಾ ಮೋಟಾರಿನ ಸರ್ವಿಸ್ ಮ್ಯಾನ್ಯುಯಲ್ಲಿನ ಮಿತಿಗೆ ಹೋಲಿಸಬೇಕು. ಆದರೆ ಗೇಜ್ ಇಲ್ಲವೆಂದು ಈ ಪರೀಕ್ಷೆಯನ್ನು ಬಿಡಬಾರದು; ಬಸವಸಾಗರದಲ್ಲಿ ಪೆಟ್ಟು ತಿಂದ ನಮ್ಮ ಮೋಟಾರಿನ ಬಾಗು ತಂತಿಯ ಮೊನೆಯಲ್ಲಿಯೇ ಸ್ಪಷ್ಟವಾಗಿ ಕಂಡಿತು, ಎಂಟು ದಿನ ತಡವಾಗಿ.

ಕೂದಲೆಳೆಯಷ್ಟು ಬಾಗಿದರೆ ಏನಾಗುತ್ತದೆ ಎಂದು ಕೇಳುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ಎಂಜಿನ್ ನಿಮಿಷಕ್ಕೆ 5000 ಸುತ್ತು ತಿರುಗುವಾಗ, ಎರಡಕ್ಕೆ ಒಂದರ ಗೇರಿನಲ್ಲಿ, ಪ್ರೊಪೆಲ್ಲರ್ ಶಾಫ್ಟು 2500 ಸುತ್ತು ತಿರುಗುತ್ತದೆ. ಅಂದರೆ ಸೆಕೆಂಡಿಗೆ ನಲವತ್ತಕ್ಕೂ ಹೆಚ್ಚು ಸಲ ಅದು ಆಯಿಲ್ ಸೀಲಿನ ತುಟಿಯನ್ನು ಒಂದು ಪಕ್ಕಕ್ಕೆ ಒತ್ತಿ ಇನ್ನೊಂದು ಪಕ್ಕದಲ್ಲಿ ಬಿಡುತ್ತದೆ. ರಬ್ಬರಿನ ತುಟಿಗೆ ಆ ವೇಗದಲ್ಲಿ ಹಿಂದಕ್ಕೂ ಮುಂದಕ್ಕೂ ಹೊಂದಿಕೊಳ್ಳಲು ಆಗದೆ ಸಂದು ಬಿಡುತ್ತದೆ, ಆ ಸಂದಿನಲ್ಲಿ ನೀರು ಒಳಗೆ ಹೋಗುತ್ತದೆ.

ಬಾಗಿದ ಶಾಫ್ಟನ್ನು ಲೇತ್ ಅಂಗಡಿಗೆ ಕೊಟ್ಟು ಬೆಂಡ್ ತೆಗೆಸುವುದು ನಮ್ಮ ಕಡೆಯ ರೂಢಿ. ಕಲಬುರಗಿಯಲ್ಲಾಗಲಿ ಶಹಾಪುರದಲ್ಲಾಗಲಿ ಪಂಪಿನ ಶಾಫ್ಟುಗಳನ್ನು ಅಚ್ಚುಕಟ್ಟಾಗಿ ನೇರ ಮಾಡಿಕೊಡುವ ಕುಶಲಿಗಳಿದ್ದಾರೆ, ಅವರ ಕೈಚಳಕದ ಬಗ್ಗೆ ನನಗೆ ಪೂರ್ತಿ ಗೌರವವಿದೆ. ಆದರೂ ಪ್ರೊಪೆಲ್ಲರ್ ಶಾಫ್ಟಿಗೆ ಇದು ಬೇಡ. ಅದು ಹದ ಕೊಟ್ಟು ಗಡಸು ಮಾಡಿದ ಉಕ್ಕು; ಬಿಸಿ ಮಾಡಿದರೆ ಹದ ಹೋಗುತ್ತದೆ, ತಣ್ಣಗೆ ಒತ್ತಿದರೆ ಒಳಗೆ ಬಿರುಕು ಹುಟ್ಟಬಹುದು. ಹೊಸ ಶಾಫ್ಟೇ ಹಾಕಬೇಕು, ಅದರ ಜೊತೆಗೆ ಸೀಲುಗಳನ್ನೂ ಬದಲಿಸಬೇಕು.

ಗೇರ್ ಎಣ್ಣೆ ಹೇಳುವ ಮಾತು

ಇಡೀ ತಪಾಸಣೆಯಲ್ಲಿ ಒಂದೇ ಒಂದು ಕೆಲಸಕ್ಕೆ ಸಮಯವಿದೆ ಎಂದಾದರೆ ನಾನು ಗೇರ್ ಎಣ್ಣೆಯನ್ನೇ ನೋಡುತ್ತೇನೆ. ಮೋಟಾರನ್ನು ಒಂದು ರಾತ್ರಿ ನೆಟ್ಟಗೆ ನಿಲ್ಲಿಸಬೇಕು. ನೀರು ಎಣ್ಣೆಗಿಂತ ಭಾರವಾದ್ದರಿಂದ ಬೆಳಗಿನ ಹೊತ್ತಿಗೆ ಬೇರ್ಪಟ್ಟ ನೀರು ತಳಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ಬಿಳಿ ತಟ್ಟೆ ಹಿಡಿದು ಕೆಳಗಿನ ಸ್ಕ್ರೂವನ್ನು ಪೂರ್ತಿ ತೆಗೆಯದೆ ಒಂದೆರಡು ಸುತ್ತು ಸಡಿಲಿಸಿದರೆ ಮೊದಲು ಬರುವ ಹನಿಗಳೇ ಉತ್ತರ ಕೊಡುತ್ತವೆ. ಶುದ್ಧ ನೀರಿನ ಹನಿ ಬಂದರೆ ಒಳಗೆ ಸೇರಿದ ನೀರು ಎಣ್ಣೆಯೊಂದಿಗೆ ಇನ್ನೂ ಕಡೆದುಕೊಂಡಿಲ್ಲ, ಅಂದರೆ ದೋಷ ಹೊಸದಿರಬಹುದು. ಹಾಲಿನಂಥ ಬಿಳಿಚು ಬಣ್ಣ ಬಂದರೆ ನೀರು ಸೇರಿದ ಮೇಲೆ ಗೇರುಗಳು ಓಡಿವೆ. ಕಪ್ಪಗಾಗಿ ಸುಟ್ಟ ವಾಸನೆ ಇದ್ದರೆ ಎಣ್ಣೆ ಹಳೆಯದಾಗಿದೆ ಅಥವಾ ಕಡಿಮೆಯಾಗಿ ಬಿಸಿಯಾಗಿದೆ; ಅದಕ್ಕೂ ಬೊಡ್ಡೆಗೂ ಸಂಬಂಧ ಇರಲೇಬೇಕೆಂದಿಲ್ಲ.

ಎಣ್ಣೆ ಪೂರ್ತಿ ಇಳಿದ ಮೇಲೆ ಸ್ವಲ್ಪವನ್ನು ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಉಜ್ಜಬೇಕು. ನುಣ್ಣನೆಯ ಬೂದು ಲೇಪ ಸಹಜ ಸವೆತ. ಸ್ಕ್ರೂವಿನ ತುದಿಯಲ್ಲಿ ಅಯಸ್ಕಾಂತವಿದ್ದರೆ ಅದರ ಮೇಲೂ ಅಂಥ ಲೇಪವಿರುತ್ತದೆ. ಬೆರಳಿಗೆ ಚುಚ್ಚುವ ಚೂರುಗಳು ಸಿಕ್ಕರೆ, ಅದರಲ್ಲೂ ಒಂದು ಮುಖ ನುಣುಪಾಗಿ ಇನ್ನೊಂದು ಮುಖ ಸಕ್ಕರೆಯ ಹರಳಿನಂತೆ ಮಿನುಗುವ ತುಂಡು ಸಿಕ್ಕರೆ, ಗೇರಿನ ಹಲ್ಲು ಅಥವಾ ಗೇರು ಹಿಡಿಯುವ ಕ್ಲಚ್ಚಿನ ಮೂಲೆ ಮುರಿದಿದೆ ಎಂದು ತಿಳಿಯಬೇಕು. ಆ ಮೋಟಾರನ್ನು ಅಲ್ಲಿಂದ ಒಂದು ಸುತ್ತೂ ಓಡಿಸಬಾರದು, ಗೇರ್‌ಬಾಕ್ಸು ಬಿಚ್ಚಲೇಬೇಕು.

ನೀರು ಬಂದಿದೆ ಎಂದು ಗೊತ್ತಾದ ಮೇಲೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಉಳಿಯುತ್ತದೆ. ಎಣ್ಣೆಯ ತೂತಿಗೆ ಗೇಜ್ ಇರುವ ಕೈಪಂಪು ಕೂಡಿಸಿ, ಇನ್ನೊಂದು ತೂತು ಮುಚ್ಚಿ, ಗೇರ್‌ಬಾಕ್ಸನ್ನು ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಮೆಲ್ಲಗೆ ಗಾಳಿ ತುಂಬಿದರೆ ಗುಳ್ಳೆ ಎದ್ದ ಕಡೆಯೇ ದೋಷವಿರುವ ಜಾಗ: ಪ್ರೊಪೆಲ್ಲರ್ ಶಾಫ್ಟಿನ ಸೀಲು, ಮೇಲಿನ ಡ್ರೈವ್ ಶಾಫ್ಟಿನ ಸೀಲು, ಗೇರ್ ಬದಲಿಸುವ ಕಡ್ಡಿಯ ಸೀಲು, ಸ್ಕ್ರೂವಿನ ವಾಷರ್, ಇಲ್ಲವೇ ಕವಚದ ಬಿರುಕು. ಒತ್ತಡ ಎಷ್ಟಿರಬೇಕೆಂಬುದು ಮ್ಯಾನ್ಯುಯಲ್ಲಿನಲ್ಲಿ ಇರುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರಿನ ಪೈಪನ್ನು ಹಿಡಿದರೆ ಚೆನ್ನಾಗಿದ್ದ ಸೀಲೂ ಎದ್ದು ಹೋಗುತ್ತದೆ. ಹೊಸ ಎಣ್ಣೆಯನ್ನು ಯಾವಾಗಲೂ ಕೆಳಗಿನ ತೂತಿನಿಂದ ತುಂಬಬೇಕು. ಮೇಲಿನ ತೂತಿನಿಂದ ಗುಳ್ಳೆಯಿಲ್ಲದ ಎಣ್ಣೆ ಹೊರಬಂದಾಗ ಮೊದಲು ಮೇಲಿನ ಸ್ಕ್ರೂ ಬಿಗಿದು, ಆಮೇಲೆ ಕೆಳಗಿನದನ್ನು ಬಿಗಿಯಬೇಕು, ಎರಡಕ್ಕೂ ಹೊಸ ವಾಷರ್ ಹಾಕಬೇಕು. ಟ್ರ್ಯಾಕ್ಟರಿಗೆ ತಂದ ಎಣ್ಣೆ ಕೊಟ್ಟಿಗೆಯಲ್ಲಿ ಉಳಿದಿದೆಯೆಂದು ಅದನ್ನೇ ತುಂಬುವುದು ಬೇಡ. ಔಟ್‌ಬೋರ್ಡಿಗೆಂದೇ ಮಾಡಿದ ಗೇರ್ ಎಣ್ಣೆಯಲ್ಲಿ ಅಲ್ಪ ಸ್ವಲ್ಪ ನೀರು ಸೇರಿದರೂ ತುಕ್ಕು ಹತ್ತದಂತೆ ತಡೆಯುವ ಗುಣವಿರುತ್ತದೆ.

ಕಾಲು, ಬ್ರಾಕೆಟ್, ಹಲಗೆ

ನಿಂತ ಭಾಗಗಳನ್ನು ನೋಡಲು ಸಲಕರಣೆಗಿಂತ ಬೆಳಕು ಮುಖ್ಯ. ಕಾಲನ್ನು ತೊಳೆದು ಒರೆಸಿ, ಮೊಬೈಲಿನ ಟಾರ್ಚನ್ನು ಓರೆಯಾಗಿ ಹಿಡಿದರೆ ಬಿರುಕು ಕಪ್ಪು ಎಳೆಯಂತೆ ಕಾಣುತ್ತದೆ. ಸ್ಕೆಗ್ಗಿನ ಬುಡ, ಗೇರ್‌ಬಾಕ್ಸು ಕಾಲಿಗೆ ಸೇರುವ ಕೂಡು, ಬ್ರಾಕೆಟ್ಟಿನ ಮೂಲೆಗಳು, ಕಾಲನ್ನು ಓರೆ ನಿಲ್ಲಿಸುವ ಅಡ್ಡಕಡ್ಡಿಯ ತೂತುಗಳು, ಇಷ್ಟನ್ನು ಬಿಡದೆ ನೋಡಬೇಕು. ಸ್ಕೆಗ್ಗಿನ ತುದಿ ಮಾತ್ರ ಮುರಿದಿದ್ದರೆ ಓಟಕ್ಕೆ ತಕ್ಷಣದ ಅಪಾಯವಿಲ್ಲ. ಅಲ್ಯೂಮಿನಿಯಮ್ ವೆಲ್ಡಿಂಗ್ ಬಲ್ಲವರಿಂದ ಹೊಸ ತುಂಡು ಕೂಡಿಸಬಹುದು. ಆದರೆ ವೆಲ್ಡಿಂಗಿನ ಕಾವು ಒಳಗಿನ ಸೀಲುಗಳನ್ನು ಸುಡುವುದರಿಂದ ಮೊದಲು ಎಣ್ಣೆ ಇಳಿಸಿ ಒಳಭಾಗಗಳನ್ನು ತೆಗೆದಿರಬೇಕು.

ಮುಂದಕ್ಕೆ ಹೋಗುವಾಗ ಏನಾದರೂ ಬಡಿದರೆ ಕಾಲು ತಾನಾಗಿ ಮೇಲಕ್ಕೆ ಮಡಚಿಕೊಳ್ಳುವಂತೆ ಬ್ರಾಕೆಟ್ ಇರುತ್ತದೆ. ಹಿಂದಕ್ಕೆ ಹೋಗುವಾಗ ಮಾತ್ರ ಒಂದು ಕೊಂಡಿ ಅದನ್ನು ಕೆಳಗೆ ಹಿಡಿದಿಡುತ್ತದೆ. ಇಲ್ಲದಿದ್ದರೆ ರಿವರ್ಸ್ ಹಾಕಿದೊಡನೆ ಕಾಲು ನೀರಿನಿಂದ ಹೊರಗೆ ಬರುತ್ತಿತ್ತು. ಆದ್ದರಿಂದ ಹಿಂದಕ್ಕೆ ಹೋಗುವಾಗ ಬಡಿದ ಮೋಟಾರಿನಲ್ಲಿ, ವೇಗ ಕಡಿಮೆಯಿದ್ದರೂ, ಬ್ರಾಕೆಟ್ ಮತ್ತು ಹಲಗೆಯನ್ನು ಹೆಚ್ಚು ಅನುಮಾನದಿಂದ ನೋಡಬೇಕು. ಕೊಂಡಿ ಸರಿಯಾಗಿ ಬಿಡುತ್ತದೆಯೇ, ಹಿಡಿಯುತ್ತದೆಯೇ ಎಂದು ನಾಲ್ಕಾರು ಸಲ ಆಡಿಸಿ ನೋಡಬೇಕು. ಬಟನ್ ಒತ್ತಿದರೆ ಕಾಲು ಏಳುವ ಮೋಟಾರಾದರೆ ಸಿಲಿಂಡರಿನ ರಾಡು ಗೀಚಿದೆಯೇ, ಬುಡದಲ್ಲಿ ಎಣ್ಣೆ ಒಸರುತ್ತಿದೆಯೇ ಎಂದು ನೋಡಬೇಕು.

ಕೊನೆಯದಾಗಿ ಇಬ್ಬರು ಬೇಕು. ಒಬ್ಬರು ಕಾಲಿನ ಕೆಳತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ, ಹಿಂದಕ್ಕೂ ಮುಂದಕ್ಕೂ ಬಲವಾಗಿ ಅಲುಗಿಸಬೇಕು. ಇನ್ನೊಬ್ಬರು ದೋಣಿಯ ಒಳಗೆ ಬಗ್ಗಿ ಹಲಗೆಯ ಮೂಲೆಗಳನ್ನೂ ಬೋಲ್ಟುಗಳನ್ನೂ ನೋಡಬೇಕು. ಫೈಬರಿನ ಒಳಗೆ ಮರದ ಹಲಗೆ ಇರುವ ದೋಣಿಯಲ್ಲಿ ಕಿರುಗುಟ್ಟುವ ಸದ್ದು ಬಂದರೆ ಅಥವಾ ಬೋಲ್ಟಿನ ಸುತ್ತ ನೀರಿನ ತೇವ ಒಸರಿದರೆ ಒಳಗಿನ ಮರ ಬಿಟ್ಟುಕೊಂಡಿದೆ ಎಂದರ್ಥ. ಮೋಟಾರು ಸುಸ್ಥಿತಿಯಲ್ಲಿದ್ದರೂ ಆ ದೋಣಿಗೆ ಮೋಟಾರು ಕಟ್ಟುವಂತಿಲ್ಲ.

ಮೇಲಿನ ಎಂಜಿನ್ನಿನ ಕುರುಹುಗಳು

ಪೆಟ್ಟು ಬಿದ್ದೊಡನೆ ಎಂಜಿನ್ ಗಕ್ಕನೆ ನಿಂತುಹೋಗಿದ್ದರೆ ಮಾತ್ರ ಮೇಲಕ್ಕೆ ಹೋಗಬೇಕಾಗುತ್ತದೆ. ಆಮೇಲೆ ಸ್ಟಾರ್ಟರಿನ ಹಗ್ಗ ಎಳೆದಾಗ ಅದು ಕೈಯಿಂದ ಕಿತ್ತುಕೊಳ್ಳುವಂತೆ ಹಿಂದಕ್ಕೆ ಜಗ್ಗಿದರೆ, ಕಾರ್ಬೊರೇಟರಿನಿಂದ ‘ಫಟ್’ ಎಂದು ಸಿಡಿದರೆ, ಕಿಡಿಯೂ ಪೆಟ್ರೋಲೂ ಸರಿಯಿದ್ದೂ ಎಂಜಿನ್ ಹತ್ತದಿದ್ದರೆ, ಫ್ಲೈವೀಲನ್ನು ಕ್ರ್ಯಾಂಕಿಗೆ ಕೂಡಿಸುವ ಸಣ್ಣ ಕೀ ಅರ್ಧ ಕತ್ತರಿಸಿಹೋಗಿರಬಹುದು. ಆಗ ಫ್ಲೈವೀಲ್ ಸ್ವಲ್ಪ ತಿರುಗಿ ಕೂತು, ಕಿಡಿ ಹೊತ್ತಲ್ಲದ ಹೊತ್ತಿನಲ್ಲಿ ಬೀಳುತ್ತದೆ. ಫ್ಲೈವೀಲನ್ನು ಪುಲ್ಲರಿನಿಂದಲೇ ತೆಗೆಯಬೇಕು. ಸುತ್ತಿಗೆಯಿಂದ ಬಡಿದರೆ ಅದರ ಅಯಸ್ಕಾಂತಗಳೂ ಕ್ರ್ಯಾಂಕಿನ ಮೂತಿಯೂ ಹಾಳಾಗುತ್ತವೆ. ಹಗ್ಗ ಎಳೆದಾಗ ಎಂಜಿನ್ ಬಿಗಿಯಾಗಿದ್ದರೆ ಗೇರ್‌ಬಾಕ್ಸನ್ನು ಬೇರ್ಪಡಿಸಿ ಮತ್ತೆ ಎಳೆದು ನೋಡಬೇಕು. ಈಗ ಹಗುರವಾಗಿ ತಿರುಗಿದರೆ ಬಿಗಿತ ಕೆಳಗಿದೆ, ಇಲ್ಲವಾದರೆ ಮೇಲಿದೆ. ಇಷ್ಟು ಸುಲಭದ ಪರೀಕ್ಷೆಯನ್ನು ಮಾಡದೆ ಹೆಡ್ ಬಿಚ್ಚಿದವರನ್ನು ನೋಡಿದ್ದೇನೆ. ಗೇರ್‌ಬಾಕ್ಸು ಬೇರೆಯಾದಾಗ ಡ್ರೈವ್ ಶಾಫ್ಟಿನ ಮೇಲ್ತುದಿಯಲ್ಲಿ ಉದ್ದಕ್ಕೆ ಕೊರೆದಿರುವ ಹಲ್ಲುಗಳನ್ನು (ಸ್ಪ್ಲೈನ್) ನೋಡಬೇಕು. ಅವು ನೇರವಾಗಿರದೆ ತಿರುಚಿಕೊಂಡಂತೆ ಕಂಡರೆ ಶಾಫ್ಟು ತಿರುಚಿದೆ. ಅಲ್ಲಿಯೇ ಇರುವ ನೀರಿನ ಪಂಪಿನೊಳಗೆ ತಿರುಗಿ ನೀರು ತಳ್ಳುವ ರಬ್ಬರ್ ಚಕ್ರವಾದ ಇಂಪೆಲ್ಲರನ್ನೂ ಬದಲಿಸಿಬಿಡುವುದು ಲೇಸು, ಏಕೆಂದರೆ ಬಡಿದ ಹೊತ್ತಿನಲ್ಲಿ ಅದು ಎರೆಮಣ್ಣು, ಮರಳನ್ನು ಎಳೆದುಕೊಂಡಿರುತ್ತದೆ.

ಪೂರ್ತಿ ವೇಗದಲ್ಲಿ ಮಾತ್ರ ದೋಣಿ ನಡುಗಿದರೆ ಮೊದಲು ಚೆನ್ನಾಗಿರುವ ಇನ್ನೊಂದು ಪ್ರೊಪೆಲ್ಲರ್ ಹಾಕಿ ನೋಡಬೇಕು. ನಡುಕ ಹೋದರೆ ದೋಷ ಹಳೆಯ ಪ್ರೊಪೆಲ್ಲರಿನದು, ಉಳಿದರೆ ಶಾಫ್ಟಿನದೋ ಹರಿದ ರಬ್ಬರ್ ಮೌಂಟಿನದೋ. ಮುಂದಿನ ಗೇರು ಹೊರೆ ಬಿದ್ದಾಗ ‘ಕಟಕ್’ ಎಂದು ಬಿಟ್ಟು ಹಿಡಿಯುತ್ತಿದ್ದರೆ ಕ್ಲಚ್ಚಿನ ಮೂಲೆ ಸವೆದಿದೆ ಅಥವಾ ಗೇರಿನ ಕಡ್ಡಿ ಬಾಗಿ ಪೂರ್ತಿ ಕೂರುತ್ತಿಲ್ಲ. ಬುಷ್ ಜಾರಿದಾಗ ಇಂಥ ಸದ್ದು ಬರುವುದಿಲ್ಲ, ಎಂಜಿನ್ನಿನ ದನಿ ಮಾತ್ರ ಮೆಲ್ಲಗೆ ಏರುತ್ತದೆ. ಈ ಎರಡನ್ನೂ ಕಿವಿಯಿಂದಲೇ ಬೇರ್ಪಡಿಸಬಹುದು.

ಮೋಟಾರು ನೀರಿಗೆ ಬಿದ್ದಿದ್ದರೆ

ಹಲಗೆ ಬಿಟ್ಟು ಮೋಟಾರು ಮುಳುಗಿದ್ದರೆ ಮೇಲೆ ಹೇಳಿದ ಕ್ರಮವೆಲ್ಲ ಆಮೇಲೆ. ಮೇಲೆತ್ತಿದ ತಕ್ಷಣ ಸ್ಪಾರ್ಕ್ ಪ್ಲಗ್ಗುಗಳನ್ನು ತೆಗೆದು, ಪ್ಲಗ್ಗಿನ ತೂತುಗಳು ಕೆಳಮುಖವಾಗುವಂತೆ ಮಲಗಿಸಿ, ಹಗ್ಗವನ್ನು ಮೆಲ್ಲಗೆ ಎಳೆದು ಒಳಗಿನ ನೀರನ್ನು ಹೊರಹಾಕಬೇಕು. ಮುಳುಗಿದಾಗ ಎಂಜಿನ್ ಓಡುತ್ತಿದ್ದರೆ, ಅಥವಾ ಎಳೆಯುವಾಗ ಮರಳಿನ ಕರಕರ ಸದ್ದು ಕೇಳಿದರೆ, ಎಳೆಯುವುದನ್ನು ನಿಲ್ಲಿಸಿ ನೇರ ಬಿಚ್ಚಲು ಕೊಡಬೇಕು. ಇಲ್ಲವಾದರೆ ತಿಳಿನೀರಿನಿಂದ ತೊಳೆದು, ಕಾರ್ಬೊರೇಟರ್ ಮತ್ತು ಟ್ಯಾಂಕು ಬಸಿದು, ಸಿಲಿಂಡರಿಗೆ ಎಣ್ಣೆ ಬಿಟ್ಟು ತಿರುಗಿಸಿ, ಅದೇ ದಿನ ಚಾಲೂ ಮಾಡಬೇಕು. ಫೋರ್ ಸ್ಟ್ರೋಕ್ ಆದರೆ ಅದಕ್ಕೂ ಮುಂಚೆ ಎಂಜಿನ್ ಎಣ್ಣೆಯನ್ನೂ ಫಿಲ್ಟರನ್ನೂ ಬದಲಿಸಬೇಕು. ನೀರಿನಲ್ಲಿರುವವರೆಗೆ ತುಕ್ಕು ನಿಧಾನ. ಗಾಳಿಗೆ ಬಂದ ಮೇಲೆ ತಾಸುಗಳ ಲೆಕ್ಕದಲ್ಲಿ ಹಿಡಿಯುತ್ತದೆ. ಚಾಲೂ ಮಾಡಲು ಅನುಕೂಲವಿಲ್ಲದಿದ್ದರೆ ಮೆಕ್ಯಾನಿಕ್ ಸಿಗುವವರೆಗೆ ತಿಳಿನೀರಿನ ಡ್ರಮ್ಮಿನಲ್ಲಿ ಮುಳುಗಿಸಿಯೇ ಇಡಬಹುದು.

ದುರಸ್ತಿಯ ನಂತರದ ಓಟ

ಜೋಡಿಸಿದ ಮೋಟಾರನ್ನು ಮೊದಲು 200 ಲೀಟರಿನ ಡ್ರಮ್ಮಿನಲ್ಲಿ, ಪ್ರೊಪೆಲ್ಲರ್ ತೆಗೆದು, ನೀರು ಹೀರುವ ಜಾಲರಿ ಪೂರ್ತಿ ಮುಳುಗುವಂತೆ ನಿಲ್ಲಿಸಿ ಓಡಿಸಬೇಕು. ಒಣಗಿದ ಪಂಪನ್ನು ಕೆಲವೇ ಕ್ಷಣ ಓಡಿಸಿದರೂ ಇಂಪೆಲ್ಲರು ಸುಡುತ್ತದೆ. ಧಾರೆ ಬಂದ ಮೇಲೆ ಗೇರುಗಳನ್ನು ಹಾಕಿ ತೆಗೆದು ನೋಡಿ, ಆಮೇಲೆ ಪ್ರೊಪೆಲ್ಲರ್ ಹಾಕಿ, ಹೊಸ ಸ್ಪ್ಲಿಟ್ ಪಿನ್ ಮಡಚಿ, ದೋಣಿಗೆ ಕಟ್ಟಬೇಕು. ಮೊದಲ ಅರ್ಧ ಗಂಟೆ ಅರ್ಧ ವೇಗವನ್ನು ಮೀರದೆ, ಹುಟ್ಟು ಮತ್ತು ಲೈಫ್ ಜಾಕೆಟ್ ಜೊತೆಗಿಟ್ಟುಕೊಂಡು, ದಂಡೆಯ ಹತ್ತಿರದಲ್ಲಿಯೇ ಓಡಿಸಬೇಕು. ಬುಷ್ಷಿನ ಬಣ್ಣದ ಗೆರೆಯನ್ನು ಈಗ ನೋಡಬೇಕು, ಬ್ರಾಕೆಟ್ಟಿನ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ಆ ರಾತ್ರಿಯೂ ಮೋಟಾರನ್ನು ನೆಟ್ಟಗೆ ನಿಲ್ಲಿಸಿ, ಬೆಳಿಗ್ಗೆ ಕೆಳಗಿನ ಸ್ಕ್ರೂ ಸಡಿಲಿಸಿ ಬಿಳಿ ತಟ್ಟೆಯಲ್ಲಿ ನಾಲ್ಕು ಹನಿ ಬೀಳಿಸಬೇಕು. ಹನಿ ನೀರಿಲ್ಲದ ತಿಳಿ ಎಣ್ಣೆಯಾಗಿದ್ದರೆ ಸ್ಕ್ರೂ ಬಿಗಿದು, ದಿನಾಂಕವನ್ನು ಎಂಜಿನ್ ಕವರಿನ ಒಳಮೈಯಲ್ಲಿ ಬರೆದು, ಹತ್ತು ತಾಸಿನ ಓಟದ ನಂತರ ಇದನ್ನೇ ಇನ್ನೊಮ್ಮೆ ಮಾಡಬೇಕು. ಹನಿ ಬಿಳಿಚಿದ್ದರೆ ಅಥವಾ ನೀರಾಗಿದ್ದರೆ ಮೋಟಾರು ನೀರಿಗೆ ಇಳಿಯುವುದಿಲ್ಲ. ಸೀಲಿನ ಕೆಲಸ ಮತ್ತೆ ಮೊದಲಿನಿಂದ.